ಆನೆಯ ಹೊಟ್ಟೆಯಲ್ಲಿದ್ದ ಚೀಟಿಗಳು

ಜುಲೈ 8, ಬೆಳಿಗ್ಗೆ 6:50

ಬಕೆಟ್ ಕ್ಯೂನಲ್ಲಿ ಏಳನೆಯವಳು. ನೀರು ಬರುವಷ್ಟರಲ್ಲಿ ಎರಡು ಸಲ ವಾಕರಿಕೆ. ಏನೂ ಬರಲಿಲ್ಲ. ಆರನೇ ವಯಸ್ಸಿನಿಂದ ಇದೇ ಕ್ಯೂ — ಹಾಸ್ಟೆಲ್ ಬದಲಾಯಿತು, ಬಕೆಟ್ ಬದಲಾಯಿತು, ಕ್ಯೂ ಬದಲಾಗಲಿಲ್ಲ. ಇವತ್ತು ಫೀಲ್ಡ್‌ವರ್ಕ್ ಓರಿಯೆಂಟೇಶನ್. ಸುಮ್ಮನೆ ಕೂತು ಕೇಳುವುದು, ಅಷ್ಟೇ. ಹೊಟ್ಟೆಗೆ ಅದು ಗೊತ್ತಿಲ್ಲ.

ಮಧ್ಯಾಹ್ನ 2:00

ಮುಗಿಯಿತು. ನನಗೆ ಮುಕ್ಕಾಲು ಭಾಗ ಮುಗಿಯಿತು. ಕೊನೆಯ ಹತ್ತು ನಿಮಿಷ ಟಾಯ್ಲೆಟ್‌ನಲ್ಲಿದ್ದೆ.

ನಮ್ಮ ಟ್ರೈನಿಂಗ್ ಕಾಲೇಜಿನ ಮೇಡಂ ಹೇಳಿದ್ದು ಇಷ್ಟು. ಶಿಶುಕೇಂದ್ರಗಳಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದ, ಆದರೆ ಸರ್ಟಿಫಿಕೇಟ್ ಇಲ್ಲದ ಟೀಚರ್‌ಗಳಿದ್ದಾರೆ. ಅಕ್ಟೋಬರ್ ಒಂದರಿಂದ ಸರ್ಟಿಫಿಕೇಟ್ ಇಲ್ಲದವರಿಗೆ ಮಕ್ಕಳ ಕೋಣೆ ಇಲ್ಲ. ಅಷ್ಟರೊಳಗೆ ಅವರು ಮಕ್ಕಳನ್ನು ನೋಡಿ ಬರೆದ ಹನ್ನೆರಡು ಅವಲೋಕನಗಳ ಫೈಲ್ ಮಾಡಬೇಕು, ಪರೀಕ್ಷಕರು ಬಂದು ನೋಡುತ್ತಾರೆ. ಫೈಲ್‌ಗೆ ಸಹಾಯ ಮಾಡಲು ಒಬ್ಬೊಬ್ಬರ ಜೊತೆ ನಮ್ಮಂಥ ಒಬ್ಬೊಬ್ಬ ಫಸ್ಟ್ ಇಯರ್. ನಮಗೆ ಅದಕ್ಕೆ ನಲವತ್ತು ಮಾರ್ಕ್ಸ್. ಪೇಪರಿನ ಮೇಲೆ ನಮ್ಮ ಪದವಿ — ಮೆಂಟರ್!

ಹಾಲ್‌ಗೆ ವಾಪಸ್ ಬಂದಾಗ ಎಲ್ಲರೂ ಎದ್ದು ಕುರ್ಚಿ ಎಳೆಯುತ್ತಿದ್ದರು. ರೂಮ್‌ಮೇಟ್‌ನ ಕೇಳಿದೆ, ಕೊನೆಗೆ ಏನಾದರೂ ಇಂಪಾರ್ಟೆಂಟ್ ಹೇಳಿದರಾ ಅಂತ.

"ಏನಿಲ್ವೇ. ಫೈಲ್ ಹೇಗಿಡಬೇಕು, ಅದೂ ಇದೂ. ನಿಂಗೆ ಹೇಳಿಕೊಡಬೇಕಾ? ನಿನ್ನ ರೆಕಾರ್ಡ್ ಬುಕ್ ನೋಡಿದ್ರೆ ಪ್ರಿಂಟ್ ಹೊಡೆದ ಹಾಗಿರುತ್ತೆ."

ಮೇಡಂನ ಹೋಗಿ ಕೇಳಬಹುದಿತ್ತು. ಬಾಗಿಲವರೆಗೂ ಹೋದೆ. ವಾಪಸ್ ಬಂದೆ. ಯಾಕೆ ಎದ್ದು ಹೋದೆ ಅಂತ ಕೇಳಿದರೆ?

ಜುಲೈ 10

ಶಿಶುಕೇಂದ್ರ ಬಸ್ ಸ್ಟಾಪಿನಿಂದ ನಾಲ್ಕು ನಿಮಿಷ. ಔಷಧಿ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ ಹಸಿರು ಗೇಟು. ಒಳಗೆ ಎರಡು ಕೋಣೆ, ಒಂದು ಉದ್ದನೆಯ ಕಾರಿಡಾರ್, ಕೊನೆಯಲ್ಲಿ ಅಡುಗೆಮನೆ. ನಲ್ಲಿಗಳೆಲ್ಲ ನನ್ನ ಮೊಣಕಾಲಿನ ಎತ್ತರಕ್ಕೆ. ಗೋಡೆಯಲ್ಲಿ ಸಾಲಾಗಿ ಕೊಕ್ಕೆಗಳು, ಪ್ರತಿ ಕೊಕ್ಕೆಯ ಮೇಲೊಂದು ಚಿತ್ರ — ಆಮೆ, ಕೊಡೆ, ಚಂದ್ರ. ಓದಲು ಬಾರದವರಿಗೆ ತಮ್ಮ ಚೀಲ ಯಾವುದು ಅಂತ ಗೊತ್ತಾಗಲಿ ಎಂದು.

ನನಗೆ ಸಿಕ್ಕಿದವರು ಎರಡರಿಂದ ಮೂರು ವರ್ಷದವರ ಕೋಣೆಯ ಟೀಚರ್. ಕುಳ್ಳಗೆ, ತೆಳ್ಳಗೆ, ಕಾಳು ಹೆಕ್ಕುವ ಹಾಗೆ ಚಟಪಟ ಓಡಾಟ. ಯಾವುದೋ ಕಾಲದಲ್ಲಿ ಮಕ್ಕಳೇ ಇಟ್ಟ ಹೆಸರು — ಗುಬ್ಬಕ್ಕ. ಹೆಡ್ ಮಿಸ್ ಕೂಡ ಹಾಗೇ ಕರೆಯುತ್ತಾರೆ.

"ಇವಳು ನಿಮ್ಮ ಮೆಂಟರ್" ಎಂದರು ಹೆಡ್ ಮಿಸ್.

ಗುಬ್ಬಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವಯಸ್ಸೆಷ್ಟಮ್ಮ?"

"ಹದಿನೆಂಟು."

"ನನ್ನ ಸರ್ವೀಸಿಗೇ ಹತ್ತೊಂಬತ್ತು! ಮೊಮ್ಮಗಳು ಅಜ್ಜಿಗೆ ಕೆಮ್ಮೋದು ಕಲಿಸಿದ ಹಾಗಾಯ್ತು. ಇರಲಿ, ಬಾ ಮೆಂಟರಮ್ಮ. ಮೂಗು ಒರೆಸೋಕೆ ಬರುತ್ತಾ?"

ಬಂತು. ಆರು ಮೂಗು ಒರೆಸಿದೆ. ಒಂದು ಕಚ್ಚಿತು. ಮೂಗಲ್ಲ, ಮೂಗಿನ ಯಜಮಾನ.

ಜುಲೈ 14

ಅವಲೋಕನದ ರೂಲ್ ಹೇಳಿಕೊಟ್ಟೆ. ಕಂಡದ್ದನ್ನು ಬರೆಯಬೇಕು. ಅಂದುಕೊಂಡದ್ದನ್ನು ಬರೆಯಬಾರದು. ‘ಮಗುವಿಗೆ ಬೇಜಾರಾಗಿತ್ತು’ ಅಂತ ಬರೆಯುವ ಹಾಗಿಲ್ಲ, ಬೇಜಾರು ಕಣ್ಣಿಗೆ ಕಾಣುವುದಿಲ್ಲ.

"ಯಾರಿಗೆ ಕಾಣಲ್ಲ?" ಎಂದರು ಗುಬ್ಬಕ್ಕ.

"ಅಂದ್ರೆ... ಪ್ರೂಫ್ ಇರಲ್ಲ ಅಕ್ಕಾ. ಏನು ಮಾಡಿದ, ಎಷ್ಟು ಹೊತ್ತು ಮಾಡಿದ, ಅಷ್ಟೇ ಬರೀಬೇಕು."

"ಪೊಲೀಸ್‌ನೋರ ಥರ."

"ಹೂಂ. ಹೆಚ್ಚುಕಮ್ಮಿ."

ಏಪ್ರನ್ ಜೇಬಿನಲ್ಲಿ ಅವರದೊಂದು ಪೆನ್ಸಿಲ್ ಇರುತ್ತದೆ. ಕಳೆದುಹೋಗದ ಹಾಗೆ ಕೆಂಪು ದಾರ ಕಟ್ಟಿ ಗುಂಡಿಗೆ ಸಿಕ್ಕಿಸಿದ್ದಾರೆ. ಹನ್ನೊಂದೂವರೆಗೆ ನನ್ನ ಕೈಗೆ ಬಿಸ್ಕತ್ ಪ್ಯಾಕೆಟ್ಟಿನ ರಟ್ಟಿನ ತುಂಡು ಕೊಟ್ಟರು. "ಸರಿ ಇದೆಯಾ ನೋಡು ಮೆಂಟರಮ್ಮ. ಪ್ರಾಕ್ಟೀಸು."

ಹಿಂದುಗಡೆ ಪೆನ್ಸಿಲ್‌ನಲ್ಲಿ:

‘ಹತ್ತೂ ಕಾಲು. ಹುಡುಗಿ ಬಂದಳು. ಬ್ಯಾಗ್ ಇಳಿಸಲಿಲ್ಲ. ಹನ್ನೊಂದರವರೆಗೂ ಇಳಿಸಲಿಲ್ಲ. ಬಾಗಿಲು ಸದ್ದಾದಾಗೆಲ್ಲ ತಿರುಗಿ ನೋಡಿದಳು. ನಾಲ್ಕು ಉಗುರು ಕಚ್ಚಿದಳು. ಒಂದು ಮಗು ಬಂದು ಕೈ ಹಿಡಿಯಿತು. ಬಿಡಿಸಿಕೊಳ್ಳಲಿಲ್ಲ.’

ಸರಿಯಿತ್ತು. ಒಂದೇ ಒಂದು ಅಂದುಕೊಂಡದ್ದು ಇರಲಿಲ್ಲ. "ಗುಡ್ ಅಕ್ಕಾ" ಅಂದೆ. ನಲ್ಲಿ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೈ ತೊಳೆದೆ. ವಾಪಸ್ ಬರುವಷ್ಟರಲ್ಲಿ ಗೋಡೆಯ ಕೊನೆಯ ಕೊಕ್ಕೆಯ ಮೇಲೆ ಕ್ರೇಯಾನ್‌ನಲ್ಲಿ ಮೀನು ಬರೆದಿದ್ದರು.

"ನಿನ್ನ ಬ್ಯಾಗಿಗೆ" ಎಂದರು.

ಜುಲೈ 20, ಭಾನುವಾರ

ಅಮ್ಮನ ಫೋನ್. ಐದು ನಿಮಿಷ. ಊಟ ಆಯ್ತಾ, ಆಯ್ತು. ಓದ್ತಿದೀಯಾ, ಹೂಂ. ಫಸ್ಟ್ ಇಯರ್ ಕೈಗೆ ಸಿಕ್ಕಿದ್ರೆ ಮುಂದೆ ಸಲೀಸು ಅಂತಾರೆ ನಿಮ್ಮಪ್ಪ, ಗೊತ್ತು. ಹಾಸ್ಟೆಲ್ ಮಕ್ಕಳಿಗೆ ಫೋನ್ ಅಂದರೆ ಹಾಜರಿ ಹಾಕಿದ ಹಾಗೆ. ಯೆಸ್ ಮಿಸ್. ಇದ್ದೀನಿ ಮಿಸ್.

ಜುಲೈ 24

ಕೋಣೆಯಲ್ಲಿ ಒಬ್ಬನಿದ್ದಾನೆ. ಸೇರಿ ಒಂದು ತಿಂಗಳಾಗಿದೆ, ಮಾತಿಲ್ಲ, ಅಳುವೂ ಇಲ್ಲ. ಬೆಳಿಗ್ಗೆ ಅವನ ಅಮ್ಮ ಬಿಟ್ಟು ಹೋದಮೇಲೆ ಕಿಟಕಿ ಹತ್ತಿರ ನಿಲ್ಲುತ್ತಾನೆ. ನಾವಿಬ್ಬರೂ ಅವನನ್ನು ಕಿಟಕಿಪುಟ್ಟ ಅನ್ನುತ್ತೇವೆ. ಗುಬ್ಬಕ್ಕ ಇವತ್ತು ಅವನ ಬಗ್ಗೆ ಬರೆದರು. ಮೊದಲು ‘ಅಮ್ಮ ಹೋದ ದಾರಿ ನೋಡುತ್ತಾ ನಿಂತ’ ಅಂತಿತ್ತು.

"ಇದು ಗೆಸ್ ಅಕ್ಕಾ."

"ಗೆಸ್ಸಲ್ಲಮ್ಮ, ಹತ್ತೊಂಬತ್ತು ವರ್ಷ."

"ಆದ್ರೂ..."

ಒಂದು ಗಳಿಗೆ ನನ್ನನ್ನೇ ನೋಡಿದರು. ಹೋಗಿ ಕಿಟಕಿಯ ಪಕ್ಕ ನೆಲದ ಮೇಲೆ ಕೂತರು, ಅವನ ಎತ್ತರಕ್ಕೆ. ಅರ್ಧ ಗಂಟೆ. ಉಳಿದ ಹದಿಮೂರು ಮಕ್ಕಳನ್ನು ನಾನು ಸಂಭಾಳಿಸಿದೆ — ಅಥವಾ ಅವರು ನನ್ನನ್ನು. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತಂದರು:

‘ಗಾಜಿನ ಮೇಲೆ ಉಸಿರು ಬಿಟ್ಟ. ಮಂಜಾಯಿತು. ಒರೆಸಿದ. ಹೊರಗೆ ನೋಡಿದ. ಮತ್ತೆ ಬಿಟ್ಟ. ಹನ್ನೊಂದು ಸಲ. ಹನ್ನೆರಡನೇ ಸಲ ಒರೆಸಲಿಲ್ಲ. ಬಂದು ನನ್ನ ಸೆರಗಿನ ತುದಿ ಹಿಡಿದ.’

ಎರಡು ಸಲ ಓದಿದೆ. ಕಾಲೇಜಿನಲ್ಲಿ ಮಾದರಿ ಅಂತ ಕೊಟ್ಟ ಅವಲೋಕನ ಇದರ ಮುಂದೆ ರೇಷನ್ ಪಟ್ಟಿ.

"ಪಾಸಾ?" ಎಂದು ಹುಬ್ಬು ಹಾರಿಸಿದರು.

ಆಗಸ್ಟ್ 6

ಐದು ಚೀಟಿ ಆದವು. ಒಂದು ಹಾಜರಿ ಪಟ್ಟಿಯ ಹಿಂದೆ, ಒಂದು ಔಷಧಿ ಅಂಗಡಿ ಕವರಿನ ಮೇಲೆ. ಒಂದಕ್ಕೆ ಹಾಲು ಚೆಲ್ಲಿದೆ. ಒಂದರ ಮೂಲೆಯನ್ನು ಯಾರೋ ತಿಂದಿದ್ದಾರೆ, ಹಲ್ಲಿನ ಗುರುತಿದೆ. ನೋಡಿದರೆ ಮೈ ಜುಂ ಅನ್ನುತ್ತದೆ. ಹೀಗೆ ಫೈಲ್ ಕೊಟ್ಟರೆ ಎಸೆಯುತ್ತಾರೆ.

ನಮ್ಮ ಸ್ಕೂಲ್‌ನಲ್ಲಿ ಎರಡು ಪುಸ್ತಕ. ರಫ್, ಫೇರ್. ರಫ್ ಯಾರಿಗೂ ತೋರಿಸಬಾರದು. ಫೇರ್‌ನಲ್ಲಿ ಇಂಕ್ ಚುಕ್ಕೆ ಬಿದ್ದರೆ ವಾರ್ಡನ್ ಹಾಳೆ ಹರಿಯುತ್ತಿದ್ದರು, ಎಲ್ಲರೆದುರು, ನಿಧಾನವಾಗಿ. ಒಂದೇ ಸಲ ನನ್ನದು ಹರಿದದ್ದು. ಎರಡನೇ ಕ್ಲಾಸ್. ಆ ಸದ್ದು ಈಗಲೂ ಕಿವಿಯಲ್ಲಿದೆ.

ಆಗಸ್ಟ್ 19

ಹತ್ತು ಚೀಟಿ. ಕಿಟಕಿಪುಟ್ಟ ಇವತ್ತು ಮಾತಾಡಿದ. ಗುಬ್ಬಕ್ಕನ ಕಿವಿಯಲ್ಲಿ, ಏನೋ. ಏನಂದ ಎಂದು ಕೇಳಿದರೆ ಹೇಳಲಿಲ್ಲ.

"ಅದು ನಿನಗಂದಿದ್ದಲ್ಲ. ಫೈಲಿಗೂ ಅಂದಿದ್ದಲ್ಲ."

ಮಧ್ಯಾಹ್ನ ಮಕ್ಕಳು ಮಲಗಿದಾಗ ಮೆತ್ತಗೆ ಹೇಳಿದರು, ಸರ್ಟಿಫಿಕೇಟ್ ಬರದಿದ್ದರೆ ತಮ್ಮನ್ನು ಅಡುಗೆಮನೆಗೆ ಹಾಕುತ್ತಾರೆ ಅಂತ. ಹಾಲು ಕಾಯಿಸುವುದು, ಲೋಟ ತೊಳೆಯುವುದು. "ಕೆಲಸಕ್ಕೇನು ಕೀಳು ಮೇಲು ಇಲ್ಲ. ಆದ್ರೆ ಅಡುಗೆಮನೆಗೆ ಮಕ್ಕಳನ್ನ ಬಿಡಲ್ಲ ನೋಡು, ಒಲೆ ಇರುತ್ತಲ್ಲ. ಗೋಡೆ ಆಚೆ ಗಲಾಟೆ ಕೇಳ್ತಾ ಲೋಟ ತೊಳೀಬೇಕು." ಒಂದು ಮಗುವಿನ ಹೊದಿಕೆ ಸರಿಮಾಡಿದರು. "ನಂಗೆ ಕಿವಿ ಬಹಳ ಚುರುಕು."

ಬರುತ್ತೆ ಅಕ್ಕಾ, ಬಂದೇ ಬರುತ್ತೆ ಅಂದೆ. ಆಣೆ ಇಟ್ಟ ಹಾಗೆ ಹೇಳಿದೆ. ನಾನ್ಯಾರು ಹೇಳೋಕೆ?

ಆಗಸ್ಟ್ 29, ಸಂಜೆ 4:30

ಮುಗಿಯಿತು! ಮೂರು ದಿನ, ಮಕ್ಕಳು ಮಲಗುವ ಹೊತ್ತು, ಒಂದರಿಂದ ಎರಡೂವರೆ. ಹನ್ನೆರಡೂ ಅವಲೋಕನ ಬಿಳಿ ಹಾಳೆಗೆ ಫೇರ್ ಮಾಡಿಸಿದೆ. ಮಾರ್ಜಿನ್ ನಾನೇ ಎಳೆದುಕೊಟ್ಟೆ. ಹೊಸ ನೀಲಿ ಪೆನ್. ಬರೆದದ್ದೆಲ್ಲ ಅವರದೇ ಮಾತು, ಅವರದೇ ಕೈ. ಒಂದಕ್ಷರ ನಾನು ಬದಲಾಯಿಸಿಲ್ಲ. ಅಷ್ಟು ನಿಯತ್ತು ನನಗಿದೆ.

ಅವರಿಗೆ ಕೈ ನೋವು. ಮೊದಲ ದಿನವೇ ಅಂದರು, "ಇಷ್ಟು ಚಂದ ಯಾಕೆ ಮಗಾ? ಮದುವೆ ಕಾಗದಾನಾ? ಇದ್ದದ್ದು ಇದ್ದ ಹಾಗೆ ಕೊಟ್ರೆ ಆಗಲ್ವಾ?"

"ರಫ್ ಕೊಟ್ರೆ ಇನ್ಸಲ್ಟ್ ಅಕ್ಕಾ."

ಎರಡನೇ ದಿನ ಮತ್ತೆ ಅಂದರು. ಮತ್ತೆ ಹೇಳಿದೆ. ಮೂರನೇ ದಿನ ಅನ್ನಲಿಲ್ಲ. ಹಾಳೆಗೆ ತಲೆ ಬಗ್ಗಿಸಿ, ನಾಲಗೆ ತುದಿ ಹೊರಗಿಟ್ಟು, ಎರಡನೇ ಕ್ಲಾಸ್ ಹುಡುಗಿಯ ಹಾಗೆ ಬರೆದರು.

ಸೆಪ್ಟೆಂಬರ್ 2

ಮಕ್ಕಳು ಆನೆ ಮಾಡುತ್ತಿದ್ದಾರೆ. ರಟ್ಟಿನ ಡಬ್ಬಗಳನ್ನು ಕಟ್ಟಿ ಮೈ, ಮೇಲೆ ಹರಿದ ಕಾಗದ, ಹಿಟ್ಟಿನ ಗೋಂದು. ಕಾಗದ ಸಾಲಲಿಲ್ಲ. ಗುಬ್ಬಕ್ಕ ಏಪ್ರನ್ ಜೇಬಿಗೆ ಕೈ ಹಾಕಿ ಚೀಟಿಗಳ ಕಟ್ಟು ತೆಗೆದರು. ರಬ್ಬರ್ ಬ್ಯಾಂಡ್ ಹಾಕಿತ್ತು.

"ಇವನ್ನ ಇಟ್ಕೊಳ್ಳಲಾ?"

"ಬೇಡ ಅಕ್ಕಾ. ಫೇರ್ ಆಯ್ತಲ್ಲ. ಇನ್ನು ಯಾಕೆ?"

ಅವರು ಸ್ವಲ್ಪ ತಡೆದರು. ನಾನೇ ಒಂದು ತೆಗೆದು ಉದ್ದಕ್ಕೆ ಹರಿದು ತೋರಿಸಿದೆ. ಮಕ್ಕಳಿಗೆ ಹಬ್ಬ. ಹರಿಯುವುದೆಂದರೆ ಎಷ್ಟು ಸಂತೋಷ ಅವರಿಗೆ! ಎರಡು ನಿಮಿಷದಲ್ಲಿ ಎಲ್ಲ ಪಟ್ಟಿ ಪಟ್ಟಿ. ಕಿಟಕಿಪುಟ್ಟ ಗೋಂದಿನ ಬಟ್ಟಲಿಗೆ ಮೊಣಕೈವರೆಗೂ ಇಳಿದ.

ಆನೆಯ ಹೆಸರು ಡುಮ್ಮಣ್ಣ. ಒಣಗಿದಮೇಲೆ ಬೂದು ಬಣ್ಣ.

ಸೆಪ್ಟೆಂಬರ್ 11

ನಾಳೆ ಪರೀಕ್ಷಕರು. ನನಗೆ ಬೆಳಿಗ್ಗೆಯಿಂದ ಊಟ ಸೇರಿಲ್ಲ. ಗುಬ್ಬಕ್ಕ ಆರಾಮಾಗಿದ್ದಾರೆ. "ನಾಳೆ ಬರೋದು ನನ್ನ ಪರೀಕ್ಷೆಗೋ ನಿಂದಕ್ಕೋ?" ಅಂದರು. ಬಲವಂತವಾಗಿ ಒಂದು ಬಾಳೆಹಣ್ಣು ತಿನ್ನಿಸಿದರು. ಮಕ್ಕಳ ಸಾಲಿನಲ್ಲಿ ಕೂರಿಸಿ.

ಸೆಪ್ಟೆಂಬರ್ 12, ಸಂಜೆ 5:00

ಬರೆಯಬೇಕು. ಕಂಡದ್ದಷ್ಟೇ.

ಪರೀಕ್ಷಕರು ಒಂಬತ್ತೂವರೆಗೆ ಬಂದರು. ನರೆತ ಕೂದಲು, ಮೆಲುದನಿ. ಮಕ್ಕಳ ಪುಟಾಣಿ ಕುರ್ಚಿಯಲ್ಲೇ ಕೂತರು, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ. ಎರಡು ಗಂಟೆ ನೋಡಿದರು. ಒಬ್ಬ ಇನ್ನೊಬ್ಬಳಿಗೆ ಕಚ್ಚಿದ, ಗುಬ್ಬಕ್ಕ ದನಿ ಏರಿಸದೆ ಇಬ್ಬರನ್ನೂ ಒಂದೇ ತೊಡೆಯ ಮೇಲೆ ಕೂರಿಸಿಕೊಂಡರು. ಪರೀಕ್ಷಕರು ನಕ್ಕು ಏನೋ ಗುರುತು ಹಾಕಿಕೊಂಡರು. ಕಿಟಕಿಪುಟ್ಟ ಅವರ ಕೈಗೆ ಮರದ ಕುದುರೆ ಕೊಟ್ಟ. ಎಲ್ಲ ಚೆನ್ನಾಗಿತ್ತು. ಎಲ್ಲ.

ಆಮೇಲೆ ಹೆಡ್ ಮಿಸ್ ರೂಮಿನಲ್ಲಿ ಫೈಲ್. ನಾನು ಬಾಗಿಲ ಪಕ್ಕದ ಸ್ಟೂಲ್‌ನಲ್ಲಿ. ಪರೀಕ್ಷಕರು ಒಂದೊಂದೇ ಹಾಳೆ ತಿರುಗಿಸಿದರು. ಆರನೇದಕ್ಕೆ ನಿಲ್ಲಿಸಿದರು. ವಾಪಸ್ ಮೊದಲಿಗೆ ಬಂದರು.

"ಜುಲೈಯಿಂದ ಆಗಸ್ಟ್‌ವರೆಗೆ ಬರೆದದ್ದು, ಅಲ್ವಾ? ಎಲ್ಲ ಒಂದೇ ಪೆನ್. ಒಂದು ಕಾಟಿಲ್ಲ, ಒಂದು ಕಲೆಯಿಲ್ಲ. ಕೂಸು ಎತ್ಕೊಂಡು ಬರೆದ ಕಾಗದ ಹೀಗಿರಲ್ಲಮ್ಮ. ಇದನ್ನ ಒಟ್ಟಿಗೆ ಕೂತು ಬರೆದಿದ್ದೀರಿ."

"ಹೌದು ಸರ್. ಚೀಟಿ ನೋಡಿ ಬರೆದೆ."

"ಅದೇ ಚೀಟಿಗಳು ಬೇಕು ನನಗೆ. ಅಲ್ಲೇ, ಆಗಲೇ ಬರೆದದ್ದು. ಅದೇ ಫೈಲು. ಓರಿಯೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ, ನಕಲು ಮಾಡಬೇಡಿ ಅಂತ. ಹೋದ ವರ್ಷ ಎಷ್ಟೋ ಜನ ಮನೇಲಿ ಕೂತು ಕಥೆ ಕಟ್ಟಿ ತಂದಿದ್ದರು. ಎಲ್ಲಿ ಚೀಟಿ?"

ಗೋಡೆ ಗಡಿಯಾರದ ಸದ್ದು. ಗುಬ್ಬಕ್ಕ ನನ್ನ ಕಡೆ ನೋಡಿದರು. ಗದರಿಸುವ ನೋಟವಲ್ಲ. ಕೈಯಲ್ಲಿ ಆಟಿಕೆ ಮುರಿದು ನಿಂತ ಮಗುವನ್ನು ನೋಡುತ್ತಾರಲ್ಲ, ಅದೇ ಹೇಳಲಿ ಅಂತ ಕಾಯುತ್ತಾ, ಹಾಗೆ.

ನಾನು ಬಾಯಿ ತೆರೆಯಲಿಲ್ಲ. ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದೆ. ಉಳಿದದ್ದು ಕಾಣುವುದಿಲ್ಲ, ಬರೆಯಬಾರದು.

"ನಾನೇ ಎಸೆದೆ ಸರ್" ಎಂದರು ಗುಬ್ಬಕ್ಕ. "ಗಲೀಜಾಗಿತ್ತು."

"ಯಾರಾದ್ರೂ ಹೇಳಿದ್ರಾ ಹೀಗೆ ಮಾಡೋಕೆ?"

"ಇಲ್ಲ. ನಂದೇ ಬುದ್ಧಿ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಕೈಯಲ್ಲಿ ಮಕ್ಕಳು ಹೇಗಿರ್ತಾರೆ ಅಂತ ಕಣ್ಣಾರೆ ನೋಡಿದೆ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾನೊಬ್ಬನೇ ನೋಡಿದ್ರೆ ಸಾಲದಮ್ಮ. ನನ್ನ ಮೇಲಿನೋರು ಕಾಗದ ನೋಡ್ತಾರೆ."

ಹಾಸ್ಟೆಲ್‌ಗೆ ಬಂದು ರೂಮ್‌ಮೇಟ್‌ನ ನೋಟ್‌ಬುಕ್ ತೆಗೆದೆ. ಜುಲೈ ಎಂಟು. ಕೊನೆಯಿಂದ ನಾಲ್ಕನೇ ಸಾಲು. ‘ಫೇರ್ ಕಾಪಿ ಬೇಡ!! ರಫ್ ಚೀಟಿಯೇ ಫೈಲ್‌ಗೆ ಹಾಕಬೇಕು.’ ಎರಡು ಗೆರೆ ಎಳೆದಿದ್ದಾಳೆ. ಅಡಿಯಲ್ಲಿ ಒಂದು ಹೂವು ಬೇರೆ ಬರೆದಿದ್ದಾಳೆ.

ಸೆಪ್ಟೆಂಬರ್ 29

ರಿಸಲ್ಟ್. ‘ಅಪೂರ್ಣ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು.’

ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ಆ ಫೈಲ್. ನಾನೇ ಎಳೆದ ಮಾರ್ಜಿನ್ ಕಾಣುತ್ತಿತ್ತು.

"ಅಕ್ಟೋಬರ್ ಒಂಬತ್ತು, ನಾಲ್ಕು ಗಂಟೆ ಒಳಗೆ ಮರುಪರಿಶೀಲನೆಗೆ ಕೇಳಬಹುದು. ಆದ್ರೆ ಏನಾದ್ರೂ ಹೊಸ ಸಾಕ್ಷಿ ಬೇಕು. ನೀನು ಅವರ ಜೊತೆ ಇದ್ದವಳು. ಏನಾದ್ರೂ ಗೊತ್ತಾ?" ಕತ್ತೆತ್ತಿ ನೋಡಿದರು. "ಬೇರೆಯವರು ಕೈ ಹಾಕಿದ್ರೆ ಅದು ಬೇರೆ ವಿಷಯ, ಟೀಚರ್ ತಪ್ಪಾಗಲ್ಲ. ಹಾಗೆ ಕೈ ಹಾಕಿದ ಸ್ಟೂಡೆಂಟಿನ ಫೀಲ್ಡ್‌ವರ್ಕ್ ಹೋಗುತ್ತೆ. ಅಂದ್ರೆ ಇಡೀ ವರ್ಷ."

"ಇಲ್ಲ ಮೇಡಂ."

ಇಲ್ಲ ಮೇಡಂ. ಹನ್ನೆರಡು ವರ್ಷ ಹಾಸ್ಟೆಲ್ ನನಗೆ ಕಲಿಸಿದ್ದು ಇದೊಂದು ವಾಕ್ಯ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಮೌನ ಬಂಗಾರವಂತೆ. ಯಾರ ಕೊರಳಿಗೆ?

ಅಕ್ಟೋಬರ್ 1

ಕೋಣೆಯಲ್ಲಿ ಹೊಸ ಟೀಚರ್. ಸಣ್ಣ ವಯಸ್ಸು, ಒಳ್ಳೆಯವರೇ. ಹತ್ತು ಗಂಟೆಗೆ ಏಳು ಮಕ್ಕಳು ಒಟ್ಟಿಗೆ ಅಳುವಾಗ ಅವರ ಕಣ್ಣಲ್ಲೂ ನೀರಿತ್ತು. ಕಿಟಕಿಪುಟ್ಟ ಅಳಲಿಲ್ಲ. ಅಡುಗೆಮನೆಯ ಮುಚ್ಚಿದ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಿದ್ದ. ಬಾಗಿಲಿಗೆ ಗಾಜಿಲ್ಲ. ಆದರೂ ಉಸಿರು ಬಿಟ್ಟ, ಅಂಗೈಯಿಂದ ಒರೆಸಿದ. ನಾನು ಎಣಿಸಲಿಲ್ಲ.

ಒಳಗೆ ಹೋದೆ. ಗುಬ್ಬಕ್ಕ ಹಾಲಿನ ಪಾತ್ರೆ ಎತ್ತಿಕೊಂಡಿದ್ದರು.

"ಅಕ್ಕಾ..."

"ದಾರಿ ಬಿಡು. ಬಿಸಿ ಇದೆ."

ಮೆಂಟರಮ್ಮ ಅನ್ನಲಿಲ್ಲ.

ಅಕ್ಟೋಬರ್ 3

ಮಧ್ಯಾಹ್ನ ಮಕ್ಕಳು ಮಲಗಿದ್ದರು. ಡುಮ್ಮಣ್ಣ ಕೋಣೆಯ ಮೂಲೆಯಲ್ಲಿ. ಅವನ ಪಕ್ಕ ಬಿದ್ದ ಚೆಂಡು ತೆಗೆಯಲು ನೆಲಕ್ಕೆ ಮಲಗಿದೆ. ಹಾಗೇ ಉಳಿದೆ.

ಹೊಟ್ಟೆಯ ಅಡಿಗೆ ಬಣ್ಣ ಹಾಕಿಲ್ಲ. ಮಕ್ಕಳ ಕೈಗೆ ಎಟುಕಿಲ್ಲ. ಗೋಂದಿನ ಕೆಳಗೆ ಪೆನ್ಸಿಲ್ ಅಕ್ಷರ. ಪಟ್ಟಿ ಪಟ್ಟಿಯಾಗಿ, ತಲೆಕೆಳಗಾಗಿ, ಅಡ್ಡಡ್ಡವಾಗಿ. ‘...ಮಂಜಾಯಿತು. ಒರೆಸಿ...’ ಹಾಲಿನ ಕಲೆ. ಹಲ್ಲಿನ ಗುರುತಿದ್ದ ಮೂಲೆ. ಇನ್ನೊಂದು ಪಟ್ಟಿ, ಬಿಸ್ಕತ್ ರಟ್ಟು — ‘...ಬಿಡಿಸಿಕೊಳ್ಳಲಿಲ್ಲ.’ ಆ ಪ್ರಾಕ್ಟೀಸ್ ಚೀಟಿಯನ್ನೂ ಕಟ್ಟಿನಲ್ಲೇ ಇಟ್ಟುಕೊಂಡಿದ್ದರು. ನನ್ನದನ್ನು.

ಅಡುಗೆಮನೆಗೆ ಓಡಿದೆ. ಅಕ್ಕಾ, ಸಾಕ್ಷಿ ಇದೆ! ಕೊಯ್ದು, ನೀರಲ್ಲಿ ನೆನೆಸಿದರೆ ಪದರ ಪದರ ಬಿಡುತ್ತೆ, ಜೋಡಿಸಬಹುದು, ನಾನೇ ಜೋಡಿಸ್ತೀನಿ, ಒಂಬತ್ತಕ್ಕೆ ಇನ್ನೂ ಟೈಮ್ ಇದೆ.

ಲೋಟ ತೊಳೆಯುತ್ತಲೇ ಕೇಳಿದರು. ನಲ್ಲಿ ನಿಲ್ಲಿಸಿದರು.

"ಡುಮ್ಮಣ್ಣನ್ನ ಕೊಯ್ತೀಯಾ?"

"ಬೇರೆ ಮಾಡಿಕೊಡ್ತೀನಿ ಅಕ್ಕಾ, ಅದಕ್ಕಿಂತ ಚೆನ್ನಾಗಿ."

"ಅದಕ್ಕಿಂತ ಚೆನ್ನಾಗಿ." ನಕ್ಕರು. ಆ ನಗು ನೋಡಲಾಗಲಿಲ್ಲ. "ಅದೇ ನಿನ್ನ ಕಾಯಿಲೆ ಕಣೇ. ದಿನಾ ಬೆಳಿಗ್ಗೆ ಬಂದು ಅದಕ್ಕೆ ಟಾಟಾ ಮಾಡಿ ಒಳಗೆ ಹೋಗ್ತವೆ. ಮೊದಲೇ ನಾನಿಲ್ಲ ಅಲ್ಲಿ. ಅದನ್ನೂ ತೆಗೀಬೇಕಾ? ಮುಟ್ಟಬೇಡ ಅದನ್ನ."

"ಮತ್ತೆ ನಿಮ್ಮ..."

"ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಚೀಟಿ ಹರಿದಿದ್ದಕ್ಕಲ್ಲ. ಅದು ತಿಳೀದೆ ಮಾಡಿದ್ದು, ನಾನೂ ಜೊತೆಗಿದ್ದೆ. ಅವತ್ತು ಆ ಮನುಷ್ಯ ಕೇಳಿದಾಗ ನೀನೇ ಹೇಳ್ತೀಯ ಅಂತ ಕಾದೆ. ಗಡಿಯಾರ ನೋಡ್ತಾ ಕಾದೆ. ಎರಡು ವರ್ಷದ ಕೂಸಿಗೂ ಅಷ್ಟು ಹೊತ್ತು ಕೊಟ್ರೆ ಹೇಳಿಬಿಡುತ್ತೆ."

ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡರು.

"ನಿಂಗೆ ಅಷ್ಟು ಭಯ ಯಾರು ಹಾಕಿದ್ರೋ, ಅವರ ಮೇಲೂ ಕೋಪ ಇದೆ. ಹೋಗು, ಮಕ್ಕಳು ಏಳೋ ಹೊತ್ತು."

ಅಕ್ಟೋಬರ್ 7

ಗುಬ್ಬಕ್ಕ ಬಂದಿಲ್ಲ. ನಿನ್ನೆಯೂ ಬಂದಿರಲಿಲ್ಲವಂತೆ. ಇನ್ನು ಬರುವುದಿಲ್ಲವಂತೆ. ಹೆಡ್ ಮಿಸ್ ಹೇಳಿದರು, "ಯಾರದೋ ಮನೇಲಿ ಮಗು ನೋಡ್ಕೊಳ್ಳೋಕೆ ಹೋಗ್ತಾಳಂತೆ. ಇಲ್ಲಿ ಗೋಡೆ ಪಕ್ಕ ಇರೋಕಾಗಲ್ಲ ಅಂದ್ಲು. ನಾನೇನು ಮಾಡ್ಲಮ್ಮ, ರೂಲು."

ಏಪ್ರನ್ ಒಗೆದು ಮಡಚಿ ಕೊಟ್ಟು ಹೋಗಿದ್ದಾರೆ. ಕೊಕ್ಕೆಗೆ ಹಾಕು ಅಂತ ಹೆಡ್ ಮಿಸ್ ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ಪೆನ್ಸಿಲ್ ಹಾಗೇ ಇತ್ತು, ದಾರದ ಜೊತೆ. ಮರೆತರೋ, ಬಿಟ್ಟರೋ — ಗೆಸ್. ಬರೆಯಬಾರದು.

ಪೆನ್ಸಿಲ್ ಬಿಚ್ಚಿಕೊಂಡೆ. ಕಳ್ಳತನ ಅಂದರೂ ಸರಿ.

ಸಂಜೆ ಅಮ್ಮನಿಗೆ ನಾನೇ ಫೋನ್ ಮಾಡಿದೆ. ಭಾನುವಾರವಲ್ಲ. "ಏನಾಯ್ತೇ?" ಎಂದು ಗಾಬರಿಯಾದರು. ಅಮ್ಮಾ, ನನ್ನ ವರ್ಷ ಹೋಗಬಹುದು ಅಂದೆ. "ಹೋದ್ರೆ ಮನೆಗೆ ಬಾ" ಅಂದರು. ಆಮೇಲೆ, "ಬರ್ತೀಯಾ?" ಅಂದರು. ಕೇಳಿದ್ದು ಹೊಸಬರನ್ನು ಕರೆದ ಹಾಗಿತ್ತು.

ಅಕ್ಟೋಬರ್ 9, ಮಧ್ಯಾಹ್ನ 3:20

ಮೇಡಂ ರೂಮಿನ ಹೊರಗೆ ಬೆಂಚು. ಒಳಗೆ ಯಾರೋ ಇದ್ದಾರೆ. ಪಕ್ಕದಲ್ಲಿ ಬಿಸ್ಕತ್ ಪ್ಯಾಕೆಟ್ಟಿನ ರಟ್ಟು. ಬಸ್ ಸ್ಟಾಪಿನಲ್ಲಿ ಕೂತು ಅವರ ಪೆನ್ಸಿಲ್‌ನಲ್ಲಿ ಬರೆದದ್ದು. ಇದಕ್ಕೆ ಬೇರೆ ಪ್ರತಿ ಇಲ್ಲ, ಅದಕ್ಕೇ ಇಲ್ಲಿ ಇಳಿಸಿಡುತ್ತಿದ್ದೇನೆ.

‘ಆಗಸ್ಟ್ 27, 28, 29. ಮಧ್ಯಾಹ್ನ ಒಂದರಿಂದ ಎರಡೂವರೆ. ವಿದ್ಯಾರ್ಥಿನಿ ಹನ್ನೆರಡು ಚೀಟಿ ಮುಂದಿಟ್ಟಳು. ಹೊಸ ಪೆನ್ ಕೊಟ್ಟಳು. ನಕಲು ಮಾಡಿ ಅಂದಳು. ಟೀಚರ್ ಎರಡು ಸಲ ಯಾಕೆ ಅಂದರು. ಮೂರನೇ ಸಲ ಅನ್ನಲಿಲ್ಲ.

ಸೆಪ್ಟೆಂಬರ್ 2. ಟೀಚರ್ ಚೀಟಿ ಇಟ್ಟುಕೊಳ್ಳಲಾ ಎಂದು ಕೇಳಿದರು. ವಿದ್ಯಾರ್ಥಿನಿ ಬೇಡ ಅಂದಳು. ಮೊದಲನೆಯದನ್ನು ಹರಿದದ್ದು ವಿದ್ಯಾರ್ಥಿನಿ. ಚೀಟಿಗಳು ಶಿಶುಕೇಂದ್ರದ ಆನೆಯ ಹೊಟ್ಟೆಯಲ್ಲಿವೆ. ನೆಲದ ಮೇಲೆ ಮಲಗಿ ನೋಡಿದರೆ ಓದಬಹುದು. ಆನೆಯನ್ನು ಕೊಯ್ಯಬಾರದು.

ಸೆಪ್ಟೆಂಬರ್ 12. ಪರೀಕ್ಷಕರು ಕೇಳಿದರು. ಟೀಚರ್ ವಿದ್ಯಾರ್ಥಿನಿಯ ಕಡೆ ನೋಡಿದರು. ವಿದ್ಯಾರ್ಥಿನಿ ಬಾಯಿ ತೆರೆಯಲಿಲ್ಲ.

ಸೆಪ್ಟೆಂಬರ್ 29. ಮೇಡಂ ಕೇಳಿದರು. ವಿದ್ಯಾರ್ಥಿನಿ ಇಲ್ಲ ಅಂದಳು.’

ಕೊನೆಗೆ ‘ಕ್ಷಮಿಸಿ’ ಅಂತ ಬರೆದಿದ್ದೆ. ಕಾಟು ಹೊಡೆದೆ. ಅದು ಕಾಣುವ ವಸ್ತುವಲ್ಲ. ಕಾಟು ಮಾತ್ರ ಕಾಣುತ್ತದೆ, ಇರಲಿ. ಬಸ್ ಬ್ರೇಕ್ ಹಾಕಿದಾಗ ರಟ್ಟಿನ ಮೂಲೆಗೆ ನೀರು ಚೆಲ್ಲಿತು. ಅದೂ ಇರಲಿ. ಬ್ಯಾಗಿನಲ್ಲಿ ಬಿಳಿ ಹಾಳೆಯಿದೆ, ಪೆನ್ ಇದೆ, ಇನ್ನೂ ಅರ್ಧ ಗಂಟೆ ಇದೆ. ಫೇರ್ ಮಾಡುವುದಿಲ್ಲ.

ಇದರಿಂದ ಅವರಿಗೆ ಕೋಣೆ ಸಿಗುತ್ತದೋ ಇಲ್ಲವೋ. ಸಿಕ್ಕರೂ ವಾಪಸ್ ಬರುತ್ತಾರೋ ಇಲ್ಲವೋ. ಆ ಮನೆಯ ಮಗು ಈಗಾಗಲೇ ಅವರ ಸೆರಗು ಹಿಡಿದಿರಬಹುದು. ಬೆಳಿಗ್ಗೆ ಕಿಟಕಿಪುಟ್ಟ ಅಡುಗೆಮನೆ ಬಾಗಿಲಿಗೆ ಹೋಗಲಿಲ್ಲ. ಮತ್ತೆ ಕಿಟಕಿಗೆ ಹೋದ. ಪಕ್ಕದಲ್ಲಿ ನೆಲಕ್ಕೆ ಕೂತೆ. ಎಣಿಸಿದೆ, ಗಾಜು ಒರೆಸಿದ್ದು ಹತ್ತೊಂಬತ್ತು ಸಲ.

ಬಾಗಿಲು ಸದ್ದಾಯಿತು. ತಿರುಗಿ ನೋಡಿದೆ. ಒಳಗಿದ್ದವರು ಹೊರಗೆ ಬಂದರು. ಮೇಡಂ "ನೆಕ್ಸ್ಟ್ ಯಾರಮ್ಮ?" ಅನ್ನುತ್ತಿದ್ದಾರೆ. ಬ್ಯಾಗ್ ಇನ್ನೂ ಹೆಗಲ ಮೇಲೇ ಇದೆ. ಇಲ್ಲಿ ಕೊಕ್ಕೆ ಇಲ್ಲ. ಬೆಂಚಿನ ಮೇಲೆ ಇಳಿಸಿ, ರಟ್ಟು ಹಿಡಿದು ಏಳುತ್ತಿದ್ದೇನೆ.